ಗಾಲ್ಫ್ ಸ್ವಿಂಗ್: ಟೈಮಿಂಗ್ ಕೈಕೊಟ್ಟರೆ ಕೈಯನ್ನೇ ಬೈಯಬೇಡಿ

ನಮ್ಮ ದಾವಣಗೆರೆ ಕಡೆ ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದವರಲ್ಲಿ ನಾನು ನೋಡಿದ ಹೆಚ್ಚಿನವರು ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬಂದವರು. ಕಣ್ಣು ಚುರುಕು, ತೋಳಲ್ಲಿ ಬಲ ಇದೆ, ಬೆಳಗ್ಗೆ ಬೇಗ ಏಳುವ ಅಭ್ಯಾಸವೂ ಇದೆ. ಆದರೂ ಚೆಂಡು ಮಾತು ಕೇಳುವುದಿಲ್ಲ. ಒಂದು ಹೊಡೆತ ಚೆನ್ನಾಗಿ ಹೋದರೆ ಮುಂದಿನದು ಬಲಕ್ಕೆ ಬಾಗಿ ಬೇಲಿ ದಾಟುತ್ತದೆ. ಅದರ ಮುಂದಿನದು ಮಣ್ಣು ಕೆರೆದು ನಾಲ್ಕು ಮಾರು ದೂರದಲ್ಲಿ ಕೂರುತ್ತದೆ. ಕೇಳಿದರೆ ಎಲ್ಲರದ್ದೂ ಒಂದೇ ರಾಗ: "ಟೈಮಿಂಗ್ ಸಿಗ್ತಿಲ್ಲ ನೋಡ್ರಿ."

ಟೈಮಿಂಗ್ ಅಂದ ಕೂಡಲೇ ಎಲ್ಲರ ಗಮನ ಕೈ ಮೇಲೆ ಹೋಗುತ್ತದೆ. "ಚೆಂಡು ತಗಲುವಾಗ ಕೈ ತಿರುಗಿಸಿ" ಎಂದು ಯಾರೋ ಹೇಳಿರುತ್ತಾರೆ. ಇವರು ಅದನ್ನೇ ಮಾಡಲು ಹೆಣಗುತ್ತಿರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಕ್ಲಬ್ ಮೇಲಿನಿಂದ ಇಳಿದು ಚೆಂಡು ಮುಟ್ಟಲು ಸುಮಾರು ಕಾಲು ಸೆಕೆಂಡ್ ಸಾಕು. ಕ್ಲಬ್ಬೂ ಚೆಂಡೂ ಒಂದಕ್ಕೊಂದು ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರೊಳಗೆ ತಲೆ "ಈಗ ತಿರುಗಿಸು" ಅನ್ನಬೇಕು, ಕೈ ಅದನ್ನು ಕೇಳಬೇಕು, ತಿರುಗಿಸಬೇಕು. ಆಗುವ ಮಾತೇ ಅಲ್ಲ. ಕೈ ತಾನಾಗಿ ತಿರುಗಬೇಕು. ಅದಕ್ಕೆ ಅಡ್ಡ ಬರುತ್ತಿರುವುದನ್ನು ತೆಗೆಯುವುದಷ್ಟೇ ನಮ್ಮ ಕೆಲಸ. ಅಡ್ಡಿ ಇರುವುದು ಬಹಳ ಸಲ ಹಿಡಿತದಲ್ಲಿ, ಇಲ್ಲವೇ ಕಾಲು ಮತ್ತು ಸೊಂಟದಲ್ಲಿ.

ಇಲ್ಲಿ ಬರೆದಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ-ಬಲ ಅದಲು ಬದಲು ಮಾಡಿಕೊಂಡು ಓದಿ.

ಮೊದಲು ಕಾಯಿಲೆ ಯಾವುದು ನೋಡಿ

ತಾರಸಿ ಮೇಲೆ ನೆಟ್ ಕಟ್ಟಿಕೊಂಡು ಹೊಡೆಯುವವರಿಗೆ ಚೆಂಡು ಎತ್ತ ಬಾಗುತ್ತದೆ ಅನ್ನುವುದು ಕಾಣುವುದಿಲ್ಲ. ಹಾಗಾಗಿ ಒಂದು ಸಲವಾದರೂ ಬಯಲಿಗೆ ಹೋಗಬೇಕು. ಮೆಕ್ಕೆಜೋಳ ಕಟಾವಾದ ಹೊಲ ಒಳ್ಳೆಯ ಜಾಗ. ಹೊಲದವರನ್ನು ಕೇಳಿಕೊಂಡೇ ಹೋಗಿ. ಎದುರಿಗೆ ಇನ್ನೂರು ಮೀಟರ್‌ವರೆಗೆ ಜನ, ದನ ಯಾವುದೂ ಇರಬಾರದು. ಅಕ್ಕಪಕ್ಕವೂ ಖಾಲಿ ಇರಲಿ, ಏಕೆಂದರೆ ಸಮಸ್ಯೆ ಇರುವುದೇ ಪಕ್ಕಕ್ಕೆ ಹೋಗುವ ಚೆಂಡಿನದು. ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ಆದರೆ ಆ ವೇಗದಲ್ಲಿ ಬಂದರೆ ತಲೆ ಒಡೆಯಲು ಅಷ್ಟು ತೂಕ ಸಾಕು. ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಂತೂ ಖಂಡಿತ ಬೇಡ.

ಬೆಳಗ್ಗೆ ಗಾಳಿ ಏಳುವ ಮುಂಚೆ ಹೋಗಿ. ಚಿತ್ರದುರ್ಗದ ಕಡೆಯವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಆಷಾಢದ ಗಾಳಿಯಲ್ಲಿ ಹೊಡೆದು "ನನ್ನದು ಸ್ಲೈಸ್" (ಚೆಂಡು ಬಲಕ್ಕೆ ಬಾಗುವ ಕಾಯಿಲೆ) ಎಂದು ತೀರ್ಮಾನ ಮಾಡಿದರೆ ಇಲ್ಲದ ಕಾಯಿಲೆಗೆ ಔಷಧಿ ತಿಂದಂತೆ.

ಮಧ್ಯಮ ದೂರದ ಕ್ಲಬ್ಬಾದ ಸೆವೆನ್ ಐರನ್ ತೆಗೆದುಕೊಳ್ಳಿ. ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಸರದಿ ಕೊನೆಗೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ಅಡ್ಡ ಗೆರೆ ಎಳೆದು ಚೆಂಡನ್ನು ಗೆರೆಯ ಮೇಲೇ ಇಡಿ. ಚೆಂಡಿನ ಹಿಂಭಾಗಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಹಾಕಿ. ಹೊಡೆದಾಗ ಅದರ ಅಚ್ಚು ಕ್ಲಬ್ ಫೇಸ್ ಮೇಲೆ, ಅಂದರೆ ಚೆಂಡಿಗೆ ತಾಗುವ ಮುಖದ ಮೇಲೆ ಬೀಳುತ್ತದೆ. ಹತ್ತು ಚೆಂಡು ಹೊಡೆಯಿರಿ. ತೀರಾ ಚೆನ್ನಾಗಿ ಹೋದದ್ದನ್ನೂ ತೀರಾ ಕೆಟ್ಟದ್ದನ್ನೂ ಲೆಕ್ಕದಿಂದ ಬಿಡಿ.

ಮೊದಲು ಅಚ್ಚು ನೋಡಿ. ಅದು ಫೇಸಿನ ನಡುವೆ ಇಲ್ಲದೆ ಕ್ಲಬ್ಬಿನ ಕುತ್ತಿಗೆಯ ಹತ್ತಿರವೋ ತುದಿಯ ಹತ್ತಿರವೋ ಇದ್ದರೆ, ನೀವು ಚೆಂಡಿನಿಂದ ಎಷ್ಟು ದೂರ ನಿಲ್ಲುತ್ತೀರಿ ಅನ್ನುವುದನ್ನು ಮೊದಲು ಸರಿ ಮಾಡಿ. ಆಮೇಲೆ ಕೈ ಮಾತು.

ಅಚ್ಚು ನಡುವೆ ಇದ್ದೂ ಚೆಂಡು ದಾರಿ ತಪ್ಪುತ್ತಿದ್ದರೆ ಹೀಗೆ ಓದಿ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಫೇಸ್ ಎತ್ತ ನೋಡುತ್ತಿತ್ತು ಅನ್ನುವುದು. ಆಮೇಲೆ ಅದು ಬಾಗುವುದು ಫೇಸಿನ ದಿಕ್ಕಿಗೂ ಕ್ಲಬ್ ಬಂದ ದಾರಿಗೂ ಇರುವ ವ್ಯತ್ಯಾಸದಿಂದ. ನೇರಕ್ಕೋ ಎಡಕ್ಕೋ ಹೊರಟು ಬಲಕ್ಕೆ ಬಾಗಿದರೆ, ಕ್ಲಬ್ ಬಂದ ದಾರಿಗೆ ಹೋಲಿಸಿದರೆ ಫೇಸ್ ತೆರೆದುಕೊಂಡಿತ್ತು ಎಂದರ್ಥ. ಇದೇ ಸ್ಲೈಸ್. ಕೈ ತಿರುಗದೆ ಹಿಡಿದಿಟ್ಟುಕೊಂಡವರಲ್ಲಿ ಜಾಸ್ತಿ ಕಾಣುವುದು ಇದು. ಬಲಕ್ಕೆ ಹೊರಟು ಜೋರಾಗಿ ಎಡಕ್ಕೆ ಮುರಿದುಕೊಂಡರೆ ಹುಕ್. ಮೈ ನಿಂತುಹೋಗಿ ಕೈ ಮಾತ್ರ ಓಡಿದಾಗ ಹೀಗಾಗುತ್ತದೆ. ಮಣ್ಣು ಗೆರೆಯ ಹಿಂದೆಯೇ ಎದ್ದಿದ್ದರೆ, ಅಥವಾ ಒಮ್ಮೆ ಮಣ್ಣು, ಒಮ್ಮೆ ಚೆಂಡಿನ ತಲೆ ಎಂದು ಬದಲಾಗುತ್ತಿದ್ದರೆ, ಮಣಿಕಟ್ಟು ಬೇಗ ಬಿಚ್ಚಿಕೊಂಡಿದೆ. ಇದನ್ನು ಕಾಸ್ಟಿಂಗ್ ಅನ್ನುತ್ತಾರೆ. ಇಂಥವರ ಚೆಂಡು ಮೇಲಕ್ಕೆ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಇಲ್ಲೊಂದು ಗೊಂದಲ ಇದೆ. ಬೇಗ ಬಿಚ್ಚಿಕೊಳ್ಳುವುದು, ಬಿಡದೆ ಹಿಡಿದುಕೊಳ್ಳುವುದು, ಎರಡೂ ಒಬ್ಬರಲ್ಲೇ ಹೇಗೆ ಇರಲು ಸಾಧ್ಯ? ಸಾಧ್ಯ ಇದೆ. ಕೈ ಹೀಗೆ ಬಿಚ್ಚಿಕೊಂಡು ತಿರುಗುವುದನ್ನು ರಿಲೀಸ್ ಅನ್ನುತ್ತಾರೆ, ಅದು ಒಂದೇ ಚಲನೆ ಅಲ್ಲ. ಮೇಲೆ ಮಡಚಿಕೊಂಡಿದ್ದ ಮಣಿಕಟ್ಟು ಬಿಚ್ಚಿಕೊಳ್ಳುವುದು ಒಂದು. ಮುಂಗೈ ತಿರುಗಿ ಫೇಸ್ ಮುಚ್ಚಿಕೊಳ್ಳುವುದು ಇನ್ನೊಂದು. ಕ್ರಿಕೆಟ್‌ನಿಂದ ಬಂದವರಲ್ಲಿ ಮೊದಲನೆಯದು ಬೇಗ ಆಗಿಹೋಗುತ್ತದೆ, ಎರಡನೆಯದು ಆಗುವುದೇ ಇಲ್ಲ. ಇಂಥವರಿಗೆ "ಮಣಿಕಟ್ಟನ್ನು ಕೊನೆಯವರೆಗೂ ಬಿಗಿ ಹಿಡಿ" ಎಂದು ಹೇಳಿಕೊಟ್ಟರೆ ಸ್ಲೈಸ್ ಇನ್ನೂ ಜೋರಾಗುತ್ತದೆ. "ಬೇಗ ಬಿಡು" ಅಂದರೆ ಮಣ್ಣು ಇನ್ನೂ ಹಿಂದೆ ಏಳುತ್ತದೆ.

ಬ್ಯಾಟಿನ ಹಿಡಿತ ಬಿಡಿ

ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ, ಹಳೇ ಓಪನಿಂಗ್ ಬ್ಯಾಟ್ಸ್‌ಮನ್. ಹೊಡೆದ ಮೇಲೆ ಅಲುಗಾಡದೆ ಹಾಗೇ ನಿಲ್ಲಲು ಹೇಳಿದೆ. ಎಡ ಮೊಣಕೈ ಎದೆಯ ಎತ್ತರದಲ್ಲಿ ಹೊರಗೆ ಚಾಚಿಕೊಂಡಿತ್ತು. ಕ್ಲಬ್ ಫೇಸ್ ಆಕಾಶ ನೋಡುತ್ತಿತ್ತು, ಬಲ ಅಂಗೈಯೂ ಆಕಾಶ ನೋಡುತ್ತಿತ್ತು. ಸೊಗಸಾದ ಕವರ್ ಡ್ರೈವ್. ಚೆಂಡು ಹೋಗಿದ್ದೂ ಕವರ್ಸ್ ಕಡೆಗೇ. "ಇದಕ್ಕೆ ನಮ್ ಕೋಚು ಚಪ್ಪಾಳೆ ಹೊಡೀತಿದ್ರು ಕಣ್ರೀ, ನೀವು ತಪ್ಪು ಅಂತೀರಲ್ಲ" ಅಂದರು.

ಅವರು ಹೇಳಿದ್ದರಲ್ಲಿ ನಿಜ ಇದೆ. ಬ್ಯಾಟಿನ ಮುಖವನ್ನು ಕೊನೆಯವರೆಗೂ ಬೌಲರ್ ಕಡೆಗೇ ಇಡಬೇಕು, ಎಡ ಮೊಣಕೈ ಮೇಲಿರಬೇಕು ಎಂದು ವರ್ಷಗಟ್ಟಲೆ ಕಲಿತ ಮೈ ಅದು. ಗಾಲ್ಫ್‌ನಲ್ಲಿ ಇದೇ ರೋಗ. ಇಲ್ಲಿ ಹೊಡೆತದ ನಂತರ ಎಡ ಮೊಣಕೈ ಕೆಳಮುಖವಾಗಿ ಮಡಚಿಕೊಳ್ಳಬೇಕು, ಬಲ ಮುಂಗೈ ಎಡದ ಮೇಲೆ ಹಾದು ಹೋಗಬೇಕು.

ಸರಿ ಮಾಡುವ ಕೆಲಸ ಹಿಡಿತದಿಂದ ಶುರು. ಎಡಗೈಯಲ್ಲಿ ಕ್ಲಬ್ ಅಂಗೈ ಮೇಲೆ ಅಡ್ಡ ಮಲಗಬಾರದು. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ, ಬೆರಳುಗಳ ಮೇಲೆ ಓರೆಯಾಗಿ ಕೂರಬೇಕು. ಅಂಗೈಯ ಕೆಳಗಿನ ದಪ್ಪ ಭಾಗ ಹಿಡಿಕೆಯ ಮೇಲೆ ಬರಬೇಕು. ಹೆಬ್ಬೆರಳು ಹಿಡಿಕೆಯ ನಡುವಿನಿಂದ ಸ್ವಲ್ಪ ಬಲಕ್ಕೆ. ಈಗ ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣು ಸ್ಪಷ್ಟವಾಗಿ ಕಾಣಬೇಕು, ಮೂರನೆಯದು ಇಣುಕಿದರೂ ಪರವಾಗಿಲ್ಲ. ಒಂದೇ ಕಂಡರೆ ಅದು ಬ್ಯಾಟಿನ ಹಿಡಿತ. ಅಲ್ಲಿಂದ ಫೇಸ್ ಮುಚ್ಚಿಸಲು ಕೈ ತುಂಬಾ ಕಷ್ಟಪಡಬೇಕಾಗುತ್ತದೆ.

ಬಲಗೈಯೂ ಬೆರಳುಗಳಲ್ಲೇ. ಬಲ ಅಂಗೈಯ ನಡುವಿನ ಹಳ್ಳ ಎಡ ಹೆಬ್ಬೆರಳನ್ನು ಮುಚ್ಚಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆಗುವ ಸಂದು ಎರಡೂ ಕೈಯಲ್ಲಿ ಬಲ ಭುಜದ ಕಡೆ ತೋರಿಸಬೇಕು. ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಇಡುತ್ತೀರೋ, ನಡುವೆ ಹೆಣೆಯುತ್ತೀರೋ, ಹತ್ತು ಬೆರಳಲ್ಲೂ ಹಿಡಿಯುತ್ತೀರೋ, ಅದು ನಿಮಗೆ ಬಿಟ್ಟಿದ್ದು. ಆ ಚರ್ಚೆಯಲ್ಲಿ ಸಮಯ ಹಾಳು ಮಾಡಬೇಡಿ.

ಮೊದಲ ವಾರ ಈ ಹಿಡಿತ ಕೆಟ್ಟದಾಗಿ ಅನ್ನಿಸುತ್ತದೆ. ಚೆಂಡು ಹೊಡೆಯಬೇಡಿ. ಟಿವಿ ನೋಡುವಾಗ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ.

ಬಿಗಿ ಎಷ್ಟಿರಬೇಕು? ಆದಷ್ಟು ಬಿಗಿಯಾಗಿ ಹಿಡಿಯುವುದು ಹತ್ತು ಅಂದರೆ, ನಿಮಗೆ ಬೇಕಿರುವುದು ನಾಲ್ಕು. ಹೊಡೆಯುವ ಮುಂಚೆ ಕ್ಲಬ್ಬಿನ ತಲೆಯನ್ನು ಎರಡು ಸಲ ಹಿಂದಕ್ಕೆ ಮುಂದಕ್ಕೆ ಆಡಿಸಿ. ತಲೆಯ ಭಾರ ಬೆರಳಿಗೆ ಗೊತ್ತಾಗುತ್ತಿದೆಯಾ? ಗೊತ್ತಾಗದಿದ್ದರೆ ಬಿಗಿ ಜಾಸ್ತಿ. ಬಿಗಿ ಹಿಡಿದ ಮುಂಗೈ ತಿರುಗುವುದಿಲ್ಲ. ಇದನ್ನು ಈಗಲೇ ಪರೀಕ್ಷಿಸಬಹುದು: ಮುಷ್ಟಿ ಗಟ್ಟಿ ಹಿಡಿದು ಮಣಿಕಟ್ಟು ಅಲ್ಲಾಡಿಸಿ ನೋಡಿ, ಆಮೇಲೆ ಸಡಿಲ ಬಿಟ್ಟು ನೋಡಿ.

ನಮ್ಮ ಕಡೆ ಏಪ್ರಿಲ್ ಬಂತೆಂದರೆ ಇದಕ್ಕೆ ಇನ್ನೊಂದು ಕಾಟ. ಬೆವರಿಗೆ ಹಿಡಿಕೆ ಜಾರುತ್ತದೆ, ಜಾರುತ್ತದೆ ಎಂದು ಬಿಗಿ ಹಿಡಿಯುತ್ತೇವೆ, ಬಿಗಿ ಹಿಡಿದರೆ ಸ್ಲೈಸ್. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಹಿಡಿಕೆ ಒರೆಸಿ, ಒಣಗಿಸಿ. ರಬ್ಬರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹಿಡಿಕೆ ಬದಲಾಯಿಸುವುದೇ ಸರಿ. ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡವರು ಇದನ್ನು ಮರೆಯುತ್ತಾರೆ. ಹಿಡಿಕೆಯ ದಪ್ಪವನ್ನೂ ನೋಡಿ. ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳ ತುದಿ ಅಂಗೈಗೆ ಹಗುರಾಗಿ ತಾಗಬೇಕು. ದಪ್ಪ ಹಿಡಿಕೆ ಕೈ ತಿರುಗುವುದನ್ನು ತಡೆಯುತ್ತದೆ.

ಕೈ ತಾನಾಗಿ ಬಿಡುವುದು ಅಂದರೆ ಏನು

ಒಗೆದ ಟವೆಲ್ ಝಾಡಿಸುವುದನ್ನು ನೆನಪು ಮಾಡಿಕೊಳ್ಳಿ. ಕೈ ಜೋರಾಗಿ ಹೋಗಿ ಒಂದು ಕಡೆ ತಡೆದು ನಿಲ್ಲುತ್ತದೆ. ಆಗ ಟವೆಲ್ಲಿನ ತುದಿ ಕೈಯನ್ನು ದಾಟಿ ಪಟ್ ಎಂದು ಬಾರಿಸುತ್ತದೆ. ಕೈ ಕೊನೆಯವರೆಗೂ ಓಡುತ್ತಲೇ ಇದ್ದರೆ ಆ ಸದ್ದು ಬರುವುದಿಲ್ಲ.

ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಬೀಸುವಾಗ, ನಡೆಯುವುದೂ ಅದೇ. ಕೆಳಗಿಳಿಯುವಾಗ ಮೊದಲು ಸೊಂಟ ಹೊರಡುತ್ತದೆ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಒಂದೊಂದೂ ವೇಗ ಪಡೆದು ನಿಧಾನವಾಗುತ್ತಾ ಮುಂದಿನದಕ್ಕೆ ವೇಗ ದಾಟಿಸುತ್ತದೆ. ಚೆಂಡಿನ ಹತ್ತಿರ ಬರುವಾಗ ಕೈ ನಿಧಾನವಾಗುತ್ತದೆ, ಕ್ಲಬ್ಬಿನ ತಲೆ ಹೊರಕ್ಕೆ ಎಸೆದುಕೊಂಡು ಮುಂದೆ ಬರುತ್ತದೆ. ಮಣಿಕಟ್ಟನ್ನು ಬಿಚ್ಚಿಸುವುದು ಆ ಎಳೆತವೇ. ಅದೇ ಹೊತ್ತಿಗೆ ಮುಂಗೈ ಸಡಿಲವಾಗಿದ್ದರೆ ಫೇಸ್ ತಾನಾಗಿ ತಿರುಗುತ್ತದೆ. ಈ ಸರದಿ ಕೆಟ್ಟರೆ, ಅಂದರೆ ಮೇಲಿನಿಂದ ತೋಳೇ ಮೊದಲು ಹೊರಟರೆ, ಎಳೆತ ಬರುವ ಮುಂಚೆ ಮಣಿಕಟ್ಟು ಬಿಚ್ಚಿಹೋಗಿರುತ್ತದೆ. ಆಗ ಕೊನೆ ಗಳಿಗೆಯಲ್ಲಿ ಕೈಯಿಂದ ಏನಾದರೂ ಸರಿ ಮಾಡಲು ನೋಡುತ್ತೇವೆ. ಒಂದು ದಿನ ಸರಿ ಹೋಗುತ್ತದೆ, ಮರುದಿನ ಇಲ್ಲ. "ಟೈಮಿಂಗ್ ಸಿಗ್ತಿಲ್ಲ" ಅನ್ನುವುದು ಇದಕ್ಕೇ.

ಅಭ್ಯಾಸ: ಮೊದಲು ಚೆಂಡಿಲ್ಲದೆ

ಕ್ಲಬ್ಬನ್ನು ತಲೆಕೆಳಗೆ ಹಿಡಿಯಿರಿ. ತಲೆಯ ಹತ್ತಿರದ ಕೋಲನ್ನು ಹಿಡಿದು ಪೂರ್ತಿ ಸ್ವಿಂಗ್ ಮಾಡಿ. ಸುಯ್ ಎಂಬ ಸದ್ದು ಕೇಳಿಸುತ್ತದೆ. ಎಲ್ಲಿ ಜೋರಾಗಿದೆ ಅನ್ನುವುದಕ್ಕೆ ಕಿವಿಗೊಡಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಲ ಭುಜದ ಹತ್ತಿರವೇ ಸದ್ದು ಮುಗಿದುಹೋದರೆ ಕಾಸ್ಟಿಂಗ್. ಸದ್ದು ಎಡಗಾಲಿನ ಮುಂದೆ, ಚೆಂಡಿರುವ ಜಾಗ ದಾಟಿದ ಮೇಲೆ ಜೋರಾಗಬೇಕು. ಸದ್ದನ್ನು ಮುಂದಕ್ಕೆ ತಳ್ಳಲು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ಸಲ ಬೀಸಿದರೆ ಮೈಯೇ ದಾರಿ ಹುಡುಕಿಕೊಳ್ಳುತ್ತದೆ. ಈ ಎಲ್ಲ ಅಭ್ಯಾಸಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೇ. ಬರೀ ಕೋಲು, ಖರ್ಚಿಲ್ಲ, ತಾರಸಿಯಲ್ಲೂ ಆಗುತ್ತದೆ. ಬಟ್ಟೆ ಒಣಗಿಸುವ ತಂತಿ ಎಲ್ಲಿದೆ ನೋಡಿಕೊಂಡು ನಿಂತರೆ ಸಾಕು.

ಕೈ ತಿರುಗದವರಿಗೆ ಇನ್ನೊಂದು. ಎರಡು ಕೈಗಳ ನಡುವೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಕ್ಲಬ್ ಹಿಡಿಯಿರಿ. ಸೊಂಟದ ಎತ್ತರದಿಂದ ಸೊಂಟದ ಎತ್ತರದವರೆಗೆ ಮಾತ್ರ ಬೀಸಿ. ಕೈಗಳು ದೂರ ಇರುವುದರಿಂದ ಬಲ ಮುಂಗೈ ಎಡದ ಮೇಲೆ ಹಾದು ಹೋಗದೆ ಬೇರೆ ದಾರಿಯೇ ಇರುವುದಿಲ್ಲ. ಹಿಡಿದಿಟ್ಟುಕೊಂಡರೆ ಎಡ ಮೊಣಕೈ ಕೂಡಲೇ ಹೊರಗೆ ಚಾಚಿಕೊಳ್ಳುತ್ತದೆ, ಕಣ್ಣಿಗೆ ಕಾಣುತ್ತದೆ. ಮುಂದಿನ ಕಡೆ ಸೊಂಟದ ಎತ್ತರದಲ್ಲಿ ನಿಲ್ಲಿಸಿ ನೋಡಿ. ಕ್ಲಬ್ಬಿನ ತಲೆಯ ತುದಿ ಮೇಲಕ್ಕೆ ತೋರಿಸುತ್ತಿರಬೇಕು. ಬಲಗೈ ಎದುರಿಗಿರುವವರ ಕೈ ಕುಲುಕಲು ಚಾಚಿದ ಹಾಗಿರಬೇಕು. ಅಂಗೈ ಆಕಾಶ ನೋಡುತ್ತಿದ್ದರೆ ಇನ್ನೂ ಬಿಟ್ಟಿಲ್ಲ.

ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್‌ಗೆ ಇದರ ಜೊತೆ ಕಂಕುಳಲ್ಲಿ ಕರ್ಚೀಫ್ ಇಟ್ಟುಕೊಳ್ಳಲು ಹೇಳಿದೆ. ಎಡ ಕಂಕುಳಲ್ಲಿ ಬಟ್ಟೆ ಸಿಕ್ಕಿಸಿ ಅರ್ಧ ಸ್ವಿಂಗ್. ಮೊಣಕೈ ಮೇಲೆದ್ದರೆ ಕರ್ಚೀಫ್ ಬೀಳುತ್ತದೆ. ಮೊದಲ ದಿನ ಕರ್ಚೀಫ್ ಹೆಕ್ಕುವುದೇ ವ್ಯಾಯಾಮ ಆಯಿತು.

ಮೂರನೆಯದು ಗೋಣಿಚೀಲ. ಇದಕ್ಕೆ ನಮ್ಮೂರಲ್ಲಿ ಬರವಿಲ್ಲ. ಹಳೇ ಬಟ್ಟೆ ಅಥವಾ ಹತ್ತಿ ತುಂಬಿ ಬಾಯಿ ಹೊಲಿಯಿರಿ. ಮರಳು, ಮಣ್ಣು, ಕಾಳು ತುಂಬಬೇಡಿ, ಮಣಿಕಟ್ಟು ಉಳುಕುತ್ತದೆ. ಚೆಂಡಿರುವ ಜಾಗದಲ್ಲಿ ಚೀಲ ಇಟ್ಟು, ಅರ್ಧ ವೇಗದಲ್ಲಿ ಬೀಸಿ ಚೀಲಕ್ಕೆ ತಾಗಿಸಿ ನಿಲ್ಲಿಸಿ. ಈಗ ನೋಡಿ: ಕೈ ಕ್ಲಬ್ಬಿನ ತಲೆಗಿಂತ ಸ್ವಲ್ಪ ಮುಂದೆ ಇದೆಯಾ? ಎಡ ಮಣಿಕಟ್ಟಿನ ಹಿಂಬದಿ ಚಪ್ಪಟೆಯಾಗಿದೆಯಾ, ಒಳಕ್ಕೆ ಕುಸಿದಿದೆಯಾ? ಭಾರ ಎಡಗಾಲಿನ ಮೇಲೆ ಬಂದಿದೆಯಾ? ಎಡ ಮಣಿಕಟ್ಟು ಕುಸಿದು ಕ್ಲಬ್ ಕೈಯನ್ನು ದಾಟಿ ಮುಂದೆ ಹೋಗಿದ್ದರೆ, ಚೆಂಡನ್ನು ಎತ್ತಿ ಎಸೆಯಲು ನೋಡುತ್ತಿದ್ದೀರಿ. ಎತ್ತುವ ಕೆಲಸ ಕ್ಲಬ್ಬಿನ ಫೇಸಿನ ಓರೆ ಮಾಡುತ್ತದೆ, ನೀವು ಮಾಡಬೇಕಿಲ್ಲ.

ಸರದಿ ಸರಿ ಮಾಡಲು ಹೆಜ್ಜೆ

ಎರಡೂ ಪಾದ ಕೂಡಿಸಿ ನಿಲ್ಲಿ. ಕ್ಲಬ್ ಹಿಂದಕ್ಕೆ ಬೀಸಿ. ಅದು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಡಿ. ಪಾದ ನೆಲಕ್ಕೆ ಊರಿದ ಮೇಲೆ ಕ್ಲಬ್ ಕೆಳಗೆ ಬರಲಿ. ಕ್ಲಬ್ ಹಿಂದೆ, ಕಾಲು ಮುಂದೆ: ಈ ಎಳೆದಾಟ ಮೈಗೆ ಗೊತ್ತಾಗಬೇಕು. ಕ್ರಿಕೆಟಿಗರು ಇದನ್ನು ಬೇಗ ಹಿಡಿಯುತ್ತಾರೆ, ಏಕೆಂದರೆ ಫ್ರಂಟ್ ಫುಟ್ ಹಾಕಿ ಹೊಡೆಯುವುದು ಅವರಿಗೆ ಗೊತ್ತಿರುವ ಕೆಲಸ. ಅಷ್ಟರಮಟ್ಟಿಗೆ ಕ್ರಿಕೆಟ್ ಕೈ ಹಿಡಿಯುತ್ತದೆ ನೋಡಿ.

ಇದು ಬಂದ ಮೇಲೆ ಪಾದ ಕೂಡಿಸಿಯೇ, ಹೆಜ್ಜೆ ಇಡದೆ, ಸಣ್ಣ ಸ್ವಿಂಗ್‌ನಲ್ಲಿ ಚೆಂಡು ಹೊಡೆಯಿರಿ. ತೋಳಿನ ಬಲ ಹಾಕಿದರೆ ಮುಗ್ಗರಿಸುತ್ತೀರಿ. ಮುಗ್ಗರಿಸದೆ ನಿಂತರೆ ಲಯ ಸರಿ ಇದೆ.

ಊರ ಹೆಸರಲ್ಲಿ ತಾಳ

ನುರಿತ ಆಟಗಾರರ ಸ್ವಿಂಗ್ ಅಳೆದು ನೋಡಿದರೆ ಕ್ಲಬ್ ಮೇಲೇರಲು ತೆಗೆದುಕೊಳ್ಳುವ ಹೊತ್ತು, ಇಳಿದು ಚೆಂಡು ತಾಗುವ ಹೊತ್ತಿನ ಸುಮಾರು ಮೂರು ಪಟ್ಟು ಇರುತ್ತದೆ. ಒಬ್ಬರ ಸ್ವಿಂಗ್ ಚುರುಕು, ಇನ್ನೊಬ್ಬರದು ನಿಧಾನ. ಆದರೆ ಈ ಮೂರಕ್ಕೆ ಒಂದು ಹೆಚ್ಚು ಕಡಿಮೆ ಬದಲಾಗುವುದಿಲ್ಲ.

ಇದಕ್ಕೆ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಬಹುದು. ನಾನು ಹೇಳುವುದು ಇನ್ನೂ ಸುಲಭ. "ದಾ-ವ-ಣ-ಗೆ-ರೆ" ಎಂದು ಸಮವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ. "ದಾ" ಅನ್ನುವಾಗ ಕ್ಲಬ್ ಹೊರಡಲಿ, "ಗೆ" ಹೊತ್ತಿಗೆ ಮೇಲಿರಲಿ, "ರೆ" ಅಂದಾಗ ಚೆಂಡು ತಾಗಲಿ. ದಾ-ದಿಂದ ಗೆ-ವರೆಗೆ ಮೂರು ತಾಳ, ಗೆ-ಯಿಂದ ರೆ-ಗೆ ಒಂದು. ಚಿತ್ರದುರ್ಗದವರು ಬೇಜಾರು ಮಾಡಿಕೊಳ್ಳಬಾರದು, ಅವರ ಊರಿಗೆ ಒಂದು ಅಕ್ಷರ ಕಡಿಮೆ ಬೀಳುತ್ತದೆ. ಎಲ್ಲ ಸೇರಿ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಆಗಬೇಕು. ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಬಾಯಲ್ಲಿ ಊರ ಹೆಸರಿರುವಾಗ ತಲೆಗೆ "ಕೈ ತಿರುಗಿಸು" ಎಂದು ಹೇಳಲು ಪುರುಸೊತ್ತು ಇರುವುದಿಲ್ಲ. ಅರ್ಧ ಲಾಭ ಅದೇ.

ನಿಮ್ಮ ಲೆಕ್ಕ ಸರಿ ಇದೆಯಾ ಎಂದು ಫೋನಿನಲ್ಲಿ ನೋಡಬಹುದು. ಸೆಕೆಂಡಿಗೆ 30 ಫ್ರೇಮ್ ಇರುವ ಸಾಮಾನ್ಯ ವಿಡಿಯೊ ಸಾಕು. ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿ. ಏರಲು 24, ಇಳಿಯಲು 8 ಬಂದರೆ ಬಹಳ ಚೆನ್ನಾಗಿದೆ. 21ಕ್ಕೆ 7, 27ಕ್ಕೆ 9 ಕೂಡ ಸರಿಯೇ. ಹೊಸಬರು ಸಾಮಾನ್ಯವಾಗಿ ನಿಧಾನವಾಗಿ ಏರಿಸಿ ಆಮೇಲೆ ಒಮ್ಮೆಲೇ ಮೈಮೇಲೆ ಬಂದ ಹಾಗೆ ಇಳಿಸುತ್ತಾರೆ. ಅವಸರ ಇರುವುದು ಸ್ವಿಂಗ್ ಉದ್ದಕ್ಕೂ ಅಲ್ಲ, ಮೇಲೆ ತಿರುವು ತೆಗೆದುಕೊಳ್ಳುವ ಒಂದು ಕ್ಷಣದಲ್ಲಿ. ಫೋನನ್ನು ಎದುರಿಗೆ, ಕೈಯ ಎತ್ತರದಲ್ಲಿ ಇಡಿ. ನೆಲದ ಮೇಲೆ ಇಟ್ಟು ತೆಗೆದ ವಿಡಿಯೊ ಸುಳ್ಳು ಹೇಳುತ್ತದೆ. ಇನ್ನೊಂದು ವಿಡಿಯೊ ಹಿಂದಿನಿಂದ, ಗುರಿಯ ಗೆರೆಯಲ್ಲೇ ಇರಲಿ.

ಬಲ ಹಾಕಿದರೇ ಆಟ ಅನ್ನುವವರು ಬೆಂಗಳೂರಿನ ಅದಿತಿ ಅಶೋಕ್ ಆಡುವುದನ್ನು ನೋಡಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದವರು. ದೂರ ಹೊಡೆಯುವುದರಲ್ಲಿ ಅವರು ಅಲ್ಲಿ ಮುಂದಿನ ಸಾಲಿನಲ್ಲಿ ಇರಲಿಲ್ಲ. ಹಾಗಿದ್ದೂ ಪದಕ ಒಂದೇ ಒಂದು ಹೊಡೆತದಲ್ಲಿ ತಪ್ಪಿತು.

ತಾರಸಿಯ ಮೇಲೆ ಹೊಡೆಯುವವರಿಗೆ

ಗಾಲ್ಫ್ ಆಡಲೆಂದು ಚಿಕ್ಕಮಗಳೂರಿಗೋ ಬೆಂಗಳೂರಿಗೋ ಪ್ರತಿ ವಾರ ಹೋಗಲು ಯಾರಿಗೆ ಆಗುತ್ತದೆ? ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್ ಆಸುಪಾಸು. ಹಾಗಾಗಿ ಅಭ್ಯಾಸ ಮನೆಯಲ್ಲೇ. ನನ್ನನ್ನು ಕೇಳಿದರೆ ರಿಲೀಸ್ ಕಲಿಯಲು ಅದೇ ಒಳ್ಳೆಯದು. ಚೆಂಡು ಎಲ್ಲಿ ಬಿತ್ತು ಎಂದು ನೋಡುವ ಆಸೆ ಇರುವುದಿಲ್ಲ, ಗಮನ ಮೈಯ ಮೇಲೆ ಇರುತ್ತದೆ.

ಕ್ರಿಕೆಟ್ ನೆಟ್ಟನ್ನೇ ಎರಡು ಪದರ ಮಾಡಿ ಕಟ್ಟಿ. ಬಿಗಿಯಾಗಿ ಎಳೆದು ಕಟ್ಟಬೇಡಿ, ಚೆಂಡು ವಾಪಸ್ ಮುಖಕ್ಕೆ ಬರುತ್ತದೆ. ಸಡಿಲವಾಗಿ ತೂಗಲಿ. ಗಾಲ್ಫ್ ಚೆಂಡು ಕ್ರಿಕೆಟ್ ಚೆಂಡಿಗಿಂತ ಸಣ್ಣದು, ಹರಿದ ಕಣ್ಣಿನಲ್ಲಿ ನುಸುಳಿ ಪಕ್ಕದ ಮನೆಯ ಸಿಂಟೆಕ್ಸ್‌ಗೆ ಬಡಿದರೆ ಆಮೇಲೆ ಅಭ್ಯಾಸವೇ ನಿಲ್ಲುತ್ತದೆ. ಸಂದೇಹ ಇದ್ದರೆ ಸ್ಪಂಜಿನ ಚೆಂಡು ಬಳಸಿ.

ಇದಕ್ಕಿಂತ ಮುಖ್ಯವಾದ ಎಚ್ಚರ ಕಾಲ ಕೆಳಗಿನದು. ಕಾಂಕ್ರೀಟ್ ಮೇಲೆ ತೆಳ್ಳನೆ ಮ್ಯಾಟ್ ಹಾಸಿ ಐರನ್ ಹೊಡೆದರೆ ಪ್ರತಿ ತಪ್ಪು ಹೊಡೆತದ ಪೆಟ್ಟೂ ಮೊಣಕೈಗೆ ಹೋಗುತ್ತದೆ. ಮೊಣಕೈಯ ಒಳಬದಿ ನೋವು ಶುರುವಾದರೆ ವಾರಗಟ್ಟಲೆ ಬಿಡುವುದಿಲ್ಲ. ತೆಂಗಿನ ನಾರಿನ ದಪ್ಪ ಮ್ಯಾಟ್ ಎರಡು ಪದರ, ಅದರ ಮೇಲೆ ಹುಲ್ಲಿನ ಮ್ಯಾಟ್ ಹಾಕಿ. ಮಣ್ಣು ಎದ್ದ ಜಾಗ ಇಲ್ಲಿ ಕಾಣುವುದಿಲ್ಲವಲ್ಲ, ಅದಕ್ಕೆ ಮ್ಯಾಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆ ಎಲ್ಲಿಂದ ಅಳಿಸಿದೆ ನೋಡಿ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅದರಲ್ಲಿ ಮುಕ್ಕಾಲು ಪಾಲು ಚೆಂಡಿಲ್ಲದೆ. ಭಾನುವಾರ ಇನ್ನೂರು ಚೆಂಡು ಒಟ್ಟಿಗೆ ಹೊಡೆಯುವವರು ಕಲಿಯುವುದು ತಮ್ಮ ಹಳೇ ತಪ್ಪನ್ನೇ.

ಚೆಂಡು ಎಡಕ್ಕೆ ಹೋಗಲು ಶುರುವಾದರೆ

ಸ್ಲೈಸ್ ಹೊಡೆಯುತ್ತಿದ್ದವರ ಚೆಂಡು ಒಂದು ದಿನ ಎಡಕ್ಕೆ ಮುರಿದುಕೊಂಡು ಹೋಗುತ್ತದೆ. ಗಾಬರಿಯಾಗಿ ಹಳೇ ಹಿಡಿತಕ್ಕೆ ಓಡಬೇಡಿ. ಇದು ಒಳ್ಳೆಯ ಸುದ್ದಿ. ಕೈ ಬಿಡಲು ಕಲಿತಿದೆ, ಮೈ ಇನ್ನೂ ಹಳೇ ಲೆಕ್ಕದಲ್ಲೇ ನಿಂತಿದೆ. ಈಗ ಮೈ ತಿರುಗಿಸುವುದಕ್ಕೆ ಗಮನ ಕೊಡಿ. ಹೊಡೆತ ಮುಗಿದಾಗ ಬೆಲ್ಟಿನ ಬಕಲ್ ಗುರಿಯ ಕಡೆ ಇರಬೇಕು, ಬಲ ಹಿಮ್ಮಡಿ ನೆಲ ಬಿಟ್ಟಿರಬೇಕು, ಆ ನಿಲುವಿನಲ್ಲಿ ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಲು ಬರಬೇಕು. ಬಕಲ್ ಇನ್ನೂ ಚೆಂಡಿದ್ದ ಜಾಗವನ್ನೇ ನೋಡುತ್ತಿದ್ದರೆ ಹುಕ್ ನಿಲ್ಲುವುದಿಲ್ಲ. ಅಷ್ಟಾದರೂ ಸರಿ ಹೋಗದಿದ್ದರೆ ಆಗ ಮಾತ್ರ ಎಡಗೈಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ.

ಕೋಚ್ ಹತ್ತಿರ ಹೋಗುವ ಅವಕಾಶ ಸಿಕ್ಕರೆ ಎರಡೂ ವಿಡಿಯೊ ತೆಗೆದುಕೊಂಡು ಹೋಗಿ. "ಸ್ವಿಂಗ್ ಸರಿ ಮಾಡಿ" ಅನ್ನಬೇಡಿ. "ನನ್ನ ಮಣಿಕಟ್ಟು ಬೇಗ ಬಿಚ್ಚುತ್ತಾ, ಮುಂಗೈ ತಿರುಗುತ್ತಾ?" ಎಂದು ಕೇಳಿ. ಒಂದು ಗಂಟೆಯ ದುಡ್ಡು ದಂಡವಾಗುವುದಿಲ್ಲ.

ಕೊನೆಗೆ ಡ್ರೈವರ್

ಸೆವೆನ್ ಐರನ್‌ನಲ್ಲಿ ಹತ್ತಕ್ಕೆ ಏಳು ಚೆಂಡು ಹೇಳಿದ ಕಡೆ ಹೋಗುವವರೆಗೆ ಡ್ರೈವರ್ ಬ್ಯಾಗಿನಲ್ಲೇ ಇರಲಿ. ಸೆವೆನ್ ಐರನ್ ಸುಮಾರು 37 ಇಂಚು ಇದ್ದರೆ ಡ್ರೈವರ್ 45ರ ಹತ್ತಿರ. ಫೇಸಿನ ಓರೆಯೂ ಕಡಿಮೆ. ಹಾಗಾಗಿ ಐರನ್‌ನಲ್ಲಿ ಸಣ್ಣದಾಗಿ ಕಂಡ ತಪ್ಪು ಇಲ್ಲಿ ದೊಡ್ಡದಾಗಿ ಕಾಣುತ್ತದೆ.

ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಟೀ (ಚೆಂಡು ಇಡುವ ಸಣ್ಣ ಗೂಟ) ಮೇಲೆ ಇಟ್ಟಾಗ ಅರ್ಧ ಚೆಂಡು ಕ್ಲಬ್ಬಿನ ತಲೆಗಿಂತ ಮೇಲೆ ಕಾಣಲಿ. ಉದ್ದ ಜಾಸ್ತಿ ಎಂದು ಬಿಗಿ ಜಾಸ್ತಿ ಮಾಡಬೇಡಿ, ನಾಲ್ಕಕ್ಕೇ ನಿಲ್ಲಿಸಿ. ತಾಳ ಅದೇ ಊರ ಹೆಸರಿನದು. ಮೊದಲ ಹತ್ತು ಚೆಂಡು ಮುಕ್ಕಾಲು ಸ್ವಿಂಗ್‌ನಲ್ಲೇ ಹೊಡೆಯಿರಿ. ಸತತ ಮೂರು ಚೆಂಡು ಬಲಕ್ಕೆ ಬಾಗಿದರೆ ಡ್ರೈವರ್ ಒಳಗಿಟ್ಟು, ಕೈ ದೂರ ಹಿಡಿಯುವ ಅಭ್ಯಾಸವನ್ನು ಐದು ನಿಮಿಷ ಮಾಡಿ ಮತ್ತೆ ಬನ್ನಿ.